ತಜ್ಞರ ಉತ್ತರ: ಮೂರು ಕೋಲಿನ ರಾಜ ಸ್ವಾಟೊಪ್ಲುಕ್ ದ್ರೋಹಿಯಾ? ಅವನು ಪಶ್ಚಾತ್ತಾಪ ಪಟ್ಟಿದ್ದು ನಿಜವಾ?

ಓದುಗರ ಪ್ರಶ್ನೆ: "ಸರ್, ಕೆಲಸದ ಮೇಲೆ ಬಂದು ಎರಡು ವರ್ಷದಿಂದ ಸ್ಲೊವಾಕಿಯಾದ ರಾಜಧಾನಿ ಬ್ರಾಟಿಸ್ಲಾವಾದಲ್ಲಿ ಇದ್ದೇವೆ. ಇಲ್ಲಿನ ಕೋಟೆಯ ಮುಂದೆ ಕುದುರೆ ಮೇಲೆ ಕೂತ ಒಬ್ಬ ರಾಜನ ಪ್ರತಿಮೆ ಇದೆ, ಸ್ವಾಟೊಪ್ಲುಕ್ ಅಂತ. ಅವನು ತನ್ನ ಮೂವರು ಗಂಡುಮಕ್ಕಳಿಗೆ ಕೋಲಿನ ಕಟ್ಟು ಕೊಟ್ಟು 'ಮುರಿಯಿರಿ ನೋಡೋಣ' ಅಂದನಂತೆ. ಶಾಲೆಯಲ್ಲಿ ಈ ಕಥೆ ಕೇಳಿ ಬಂದ ನನ್ನ ಮಗ 'ಅಮ್ಮ, ಇದು ಅಜ್ಜಿ ಹೇಳಿದ ಕಟ್ಟಿಗೆ ಕಥೆ ಅಲ್ವಾ' ಅಂದ. ನನಗೂ ಖುಷಿಯಾಯಿತು. ನವೆಂಬರ್‌ನಲ್ಲಿ ಇಲ್ಲಿನ ನಾಲ್ಕೈದು ಕನ್ನಡದ ಮನೆಯವರು ಸೇರುತ್ತೇವೆ. ಮಕ್ಕಳಿಂದ ಅರ್ಧ ಗಂಟೆಯ ನಾಟಕ ಆಡಿಸೋಣ ಅಂತ ಬರೆಯಲು ಕೂತೆ. ಓದುತ್ತಾ ಹೋದಂತೆ ಗಾಬರಿಯಾಯಿತು. ಇವನು ತನ್ನ ಚಿಕ್ಕಪ್ಪನನ್ನೇ ಕಟ್ಟಿ ಶತ್ರುಗಳಿಗೆ ಕೊಟ್ಟನಂತೆ, ಅವರು ಆ ಮನುಷ್ಯನ ಕಣ್ಣು ಕೀಳಿಸಿದರಂತೆ. ಕೊನೆಗೆ ಇವನು ಪಶ್ಚಾತ್ತಾಪದಿಂದ ರಾಜ್ಯ ಬಿಟ್ಟು ಬೆಟ್ಟಕ್ಕೆ ಹೋಗಿ ಸನ್ಯಾಸಿಯಾದ ಅಂತಲೂ ಓದಿದೆ. ಯಾವುದು ನಿಜ? ಇಂಥವನ ಬಾಯಲ್ಲಿ ಒಗ್ಗಟ್ಟಿನ ಮಾತು ಹೇಳಿಸುವುದು ಸರಿಯಾ? ನಾಟಕ ಕೈಬಿಡಬೇಕಾ?"

ಉತ್ತರ:

ಕೈಬಿಡಬೇಡಿ. ನಿಮ್ಮ ಗಾಬರಿ ನನಗೆ ಅರ್ಥವಾಗುತ್ತದೆ. ಮನೆಯವರನ್ನೇ ಹಿಡಿದುಕೊಟ್ಟವನು ಮಕ್ಕಳಿಗೆ 'ಒಟ್ಟಿಗಿರಿ' ಅಂದರೆ ಕೇಳುವವರಿಗೆ ಏನನ್ನಿಸಬೇಕು, ಅದು ನಿಮ್ಮ ತೊಂದರೆ. ಮೂವತ್ತು ವರ್ಷ ಮಧ್ಯಯುಗದ ಯುರೋಪಿನ ಇತಿಹಾಸ ಪಾಠ ಮಾಡಿದ್ದೇನೆ. ಸ್ವಾಟೊಪ್ಲುಕ್‌ನ ಪಾಠ ಬಂದಾಗಲೆಲ್ಲ ತರಗತಿ ಎರಡು ಗುಂಪಾಗುತ್ತಿತ್ತು. ಎರಡೂ ಗುಂಪಿನ ಮಾತಿಗೆ ಆಧಾರ ಇತ್ತು.

ಮೊದಲು ನಡೆದದ್ದನ್ನು ಹೇಳುತ್ತೇನೆ. 9ನೇ ಶತಮಾನದಲ್ಲಿ ಈಗಿನ ಜೆಕ್ ದೇಶದ ಪೂರ್ವ ಭಾಗ ಮತ್ತು ಸ್ಲೊವಾಕಿಯಾದ ಪಶ್ಚಿಮ ಭಾಗ ಸೇರಿ ಮೊರಾವಿಯಾ ಅಂತ ಒಂದು ಸ್ಲಾವ್ ರಾಜ್ಯ ಬೆಳೆಯಿತು. 833ರ ಸುಮಾರಿಗೆ ಮೊದಲನೇ ಮೊಯ್ಮಿರ್ ಪಕ್ಕದ ನಿತ್ರಾದ ದೊರೆಯನ್ನು ಓಡಿಸಿ ಎರಡು ಸೀಮೆ ಒಂದು ಮಾಡಿದ. ಪಶ್ಚಿಮಕ್ಕೆ ಫ್ರಾಂಕರು ಅನ್ನುವ ಜರ್ಮನ್ ಮೂಲದವರ ದೊಡ್ಡ ಸಾಮ್ರಾಜ್ಯ ಇತ್ತು, ಅದರ ಪೂರ್ವ ಭಾಗದ ದೊರೆ ಲುಡ್ವಿಗ್. ಅವನಿಗೆ ಗಡಿಯಲ್ಲಿ ಗಟ್ಟಿ ರಾಜ್ಯ ಬೇಡವಾಗಿತ್ತು. 846ರಲ್ಲಿ ಸೈನ್ಯ ತಂದು ಮೊಯ್ಮಿರ್‌ನನ್ನು ಇಳಿಸಿ, ಅವನ ಸಂಬಂಧಿ ರಾಸ್ತಿಸ್ಲಾವ್‌ನನ್ನು ಕೂರಿಸಿದ. ಹೇಳಿದ ಹಾಗೆ ಕೇಳಿಕೊಂಡು ಇರುತ್ತಾನೆ ಅಂತ ಕೂರಿಸಿದ್ದು, ಆದರೆ ಅವನು ಹತ್ತು ವರ್ಷದೊಳಗೆ ತಿರುಗಿ ಬಿದ್ದ. ಬೈಜಾಂಟಿಯಂನ, ಅಂದರೆ ಈಗಿನ ಇಸ್ತಾಂಬುಲ್‌ನಿಂದ ಆಳುತ್ತಿದ್ದ ಪೂರ್ವ ರೋಮನ್ ಸಾಮ್ರಾಜ್ಯದ, ಚಕ್ರವರ್ತಿಗೆ ದೂತರನ್ನು ಕಳಿಸಿ, ನಮ್ಮ ಭಾಷೆಯಲ್ಲೇ ಧರ್ಮ ಹೇಳುವವರು ಬೇಕು ಅಂದ. 863ರಲ್ಲಿ ಸಿರಿಲ್ ಮತ್ತು ಮೆಥೋಡಿಯಸ್ ಅನ್ನುವ ಅಣ್ಣತಮ್ಮಂದಿರು ಬಂದರು. ಸ್ಲಾವ್ ಮಾತಿಗೆಂದೇ ಮಾಡಿದ ಗ್ಲಾಗೊಲಿಟಿಕ್ ಲಿಪಿಯನ್ನು ಜೊತೆಗೆ ತಂದರು.

ಈ ರಾಸ್ತಿಸ್ಲಾವ್‌ಗೆ ಸ್ವಾಟೊಪ್ಲುಕ್ ಏನಾಗಬೇಕು? ಇಲ್ಲಿ ನಿಮ್ಮ ನಾಟಕಕ್ಕೇ ಒಂದು ತೊಡಕಿದೆ. ಲ್ಯಾಟಿನ್ ದಾಖಲೆಯಲ್ಲಿರುವ ಪದ ಅಣ್ಣನ ಮಗನಿಗೂ ಆಗುತ್ತದೆ, ಅಕ್ಕನ ಮಗನಿಗೂ ಆಗುತ್ತದೆ. ಆ ಭಾಷೆಗೆ ಅದು ಸಾಕು. ಕನ್ನಡದಲ್ಲಿ ನೀವು ಆರಿಸಿಕೊಳ್ಳಲೇಬೇಕು. ಹುಡುಗ 'ಚಿಕ್ಕಪ್ಪ' ಅಂದರೆ ಅದು ದಾಯಾದಿ ಜಗಳ ಆಗುತ್ತದೆ, 'ಮಾವ' ಅಂದರೆ ತವರಿನ ಕಡೆಯವನಿಗೆ ಮಾಡಿದ ಮೋಸ ಆಗುತ್ತದೆ. ಒಂದೇ ಪದದಿಂದ ನಾಟಕದ ಬಣ್ಣ ಬದಲಾಗುತ್ತದೆ. ಯೋಚಿಸಿ ಆರಿಸಿ. ಈ ಉತ್ತರದಲ್ಲಿ ನಿಮ್ಮ ಹಾಗೆ ನಾನೂ ಚಿಕ್ಕಪ್ಪ ಅಂತಲೇ ಬರೆಯುತ್ತೇನೆ.

ಈಗ 870. ಸ್ವಾಟೊಪ್ಲುಕ್ ತನ್ನ ಕೈಯಲ್ಲಿದ್ದ ಸೀಮೆಯ ಸಮೇತ ಲುಡ್ವಿಗ್‌ನ ಮಗ ಕಾರ್ಲ್‌ಮನ್‌ಗೆ ಶರಣಾದ. ಚಿಕ್ಕಪ್ಪನನ್ನು ಕೇಳಲಿಲ್ಲ. ಇದು ದ್ರೋಹವೇ, ಇದನ್ನು ಮೃದು ಮಾಡುವ ಅಗತ್ಯ ಇಲ್ಲ. ಆದರೆ ಮುಂದೆ ನಡೆದದ್ದನ್ನು ಪ್ರತಿಮೆ ಇಷ್ಟಪಡುವವರೂ ಹೇಳುವುದಿಲ್ಲ, ಬೈಯುವವರೂ ಹೇಳುವುದಿಲ್ಲ. ಸಿಟ್ಟಾದ ರಾಸ್ತಿಸ್ಲಾವ್ ಅವನನ್ನು ಊಟಕ್ಕೆ ಕರೆದ. ಊಟದ ಜಾಗದಲ್ಲೇ ಕುತ್ತಿಗೆ ಹಿಸುಕಿ ಕೊಲ್ಲಿಸುವ ಯೋಜನೆ. ಯಾರೋ ಮೊದಲೇ ಸುಳಿವು ಕೊಟ್ಟರು. ಸ್ವಾಟೊಪ್ಲುಕ್ ಗಿಡುಗ ಹಿಡಿದುಕೊಂಡು ಬೇಟೆಗೆ ಹೋಗುವವನ ಹಾಗೆ ನಟಿಸಿ ತಪ್ಪಿಸಿಕೊಂಡ. ಹುಡುಕಿಕೊಂಡು ಸೈನಿಕರ ಜೊತೆ ಬಂದ ಚಿಕ್ಕಪ್ಪ ಇವನ ಕೈಗೇ ಸಿಕ್ಕಿಬಿದ್ದ. ತಾನು ತೋಡಿದ ಗುಂಡಿಗೆ ತಾನೇ ಬಿದ್ದ ಅನ್ನುವ ಅರ್ಥದಲ್ಲೇ ಇದನ್ನು ಜರ್ಮನಿಯ ಫುಲ್ಡಾ ವಾರ್ಷಿಕ ದಾಖಲೆಯಲ್ಲಿ ಬರೆದಿದ್ದಾರೆ. ಆಮೇಲೆ ಅವನನ್ನು ಕಟ್ಟಿ ಕಾರ್ಲ್‌ಮನ್‌ಗೆ ಕೊಟ್ಟದ್ದು, ಈಗಿನ ಜರ್ಮನಿಯ ದಕ್ಷಿಣಕ್ಕಿರುವ ಬವೇರಿಯಾದಲ್ಲಿ ವಿಚಾರಣೆ ನಡೆದದ್ದು, ಮರಣದಂಡನೆ ಆದದ್ದು, ಲುಡ್ವಿಗ್ ಅದನ್ನು 'ಕಡಿಮೆ' ಮಾಡಿ ಕಣ್ಣು ಮಾತ್ರ ಕೀಳಿಸಿ ಮಠಕ್ಕೆ ಹಾಕಿಸಿದ್ದು, ಎಲ್ಲ ನಿಜ. ತೀರ್ಪು ಕೊಡಲು ಕೂತವರಲ್ಲಿ ಕಾಣಿಕೆ ತಂದಿದ್ದ ಸ್ಲಾವ್ ಮುಖಂಡರೂ ಇದ್ದರು.

ಹಾಗಾದರೆ ಅವನು ದ್ರೋಹಿ ಅಂತ ಬರೆದು ಮುಗಿಸಬಹುದಾ? ಒಂದು ನಿಮಿಷ ತಡೆಯಿರಿ. ಅವನನ್ನು ದ್ರೋಹಿ ಅಂದವರು ಯಾರು ಅಂತ ನೋಡಬೇಕು. ಅದೇ ಫುಲ್ಡಾ ದಾಖಲೆ 894ರಲ್ಲಿ ಅವನ ಸಾವಿನ ಸುದ್ದಿ ಬರೆಯುವಾಗ 'ಎಲ್ಲ ದ್ರೋಹಗಳ ಒರೆ' ಅಂತ ಬೈಯುತ್ತದೆ, ಕತ್ತಿಯ ಒರೆ ಅಂತೀವಲ್ಲ, ಆ ಒರೆ. ಆಗ ಅಲ್ಲಿ ರಾಜನಾಗಿದ್ದವನು ಆರ್ನುಲ್ಫ್, ಕಾರ್ಲ್‌ಮನ್‌ನ ಮಗ. ಈ ಆರ್ನುಲ್ಫ್ ಸಿಂಹಾಸನಕ್ಕೆ ಬಂದದ್ದು ಹೇಗೆ ಗೊತ್ತಾ? 887ರಲ್ಲಿ ತನ್ನ ಸ್ವಂತ ಚಿಕ್ಕಪ್ಪ, ಚಕ್ರವರ್ತಿ ಕಾರ್ಲ್‌ನನ್ನು ಇಳಿಸಿ ಬಂದ. ಅವನ ಅಪ್ಪ ಕಾರ್ಲ್‌ಮನ್ 861ರ ಸುಮಾರಿಗೆ ಹೆತ್ತ ತಂದೆ ಲುಡ್ವಿಗ್ ಮೇಲೆ ದಂಗೆ ಎದ್ದಾಗ ಕೈಜೋಡಿಸಿದ್ದು ಯಾರ ಜೊತೆ? ಇದೇ ರಾಸ್ತಿಸ್ಲಾವ್ ಜೊತೆ. ಅಂದರೆ ತನಗೆ ಸಹಾಯ ಮಾಡಿದ್ದ ಮನುಷ್ಯನನ್ನೇ ಹತ್ತು ವರ್ಷದ ಮೇಲೆ ಕಟ್ಟಿದ ಕೈಯಲ್ಲಿ ತೆಗೆದುಕೊಂಡು ಹೋಗಿ ತನ್ನ ಅಪ್ಪನ ಮುಂದೆ ನಿಲ್ಲಿಸಿದ. ಆ ಮನೆತನದವರು ಮಾಡಿದರೆ ಅದಕ್ಕೆ ರಾಜಕಾರಣ ಅಂತ ಹೆಸರು. ಸ್ಲಾವ್ ದೊರೆ ಮಾಡಿದರೆ 'ಸ್ಲಾವ್ ಜನರ ರೀತಿ' ಅಂತ ದಾಖಲೆಯಲ್ಲೇ ಬರೆಯುತ್ತಾರೆ. ನಾನು ಸ್ವಾಟೊಪ್ಲುಕ್‌ನ ತಪ್ಪನ್ನು ತೊಳೆಯುತ್ತಿಲ್ಲ. ಆ ಮಾತು ಯಾರ ಲೇಖನಿಯಿಂದ ಬಂತು ಅಂತ ತಿಳಿದು ಓದಿ ಅಂತಷ್ಟೇ ಹೇಳುತ್ತಿದ್ದೇನೆ.

ಪಶ್ಚಾತ್ತಾಪದ ಕಥೆಗೆ ಬರೋಣ. ನಿತ್ರಾ ಪಕ್ಕದ ಜೋಬೊರ್ ಬೆಟ್ಟದ ಕಥೆ ನೀವು ಓದಿರುವುದು. ಇದನ್ನು ಬರೆದವರು ಪ್ರಾಗ್‌ನ ಪಾದ್ರಿ ಕಾಸ್ಮಾಸ್. ಬರೆದದ್ದು 12ನೇ ಶತಮಾನದ ಮೊದಲ ಭಾಗದಲ್ಲಿ, ರಾಜ ಸತ್ತು ಇನ್ನೂರು ವರ್ಷ ದಾಟಿದ ಮೇಲೆ. ಕಥೆ ಮಾತ್ರ ಬಹಳ ಚೆನ್ನಾಗಿದೆ. ನಡುರಾತ್ರಿ ರಾಜ ತನ್ನದೇ ಸೈನ್ಯದ ನಡುವಿನಿಂದ ಯಾರಿಗೂ ಕಾಣದಂತೆ ಎದ್ದು ಹೋಗುತ್ತಾನೆ. ಕಾಡಿನಲ್ಲಿ ಕುದುರೆಯನ್ನು ಕೊಲ್ಲುತ್ತಾನೆ, ಕತ್ತಿಯನ್ನು ಮಣ್ಣಲ್ಲಿ ಹೂಳುತ್ತಾನೆ, ಬೆಳಗಾಗುವಾಗ ಬೆಟ್ಟದ ಮೇಲಿನ ಸನ್ಯಾಸಿಗಳ ಹತ್ತಿರ ಹೋಗಿ ಸೇರಿಕೊಳ್ಳುತ್ತಾನೆ. ಸಾಯುವ ಹೊತ್ತಿನವರೆಗೂ ತಾನು ಯಾರು ಅಂತ ಹೇಳುವುದಿಲ್ಲ.

ಆದರೆ ಪಶ್ಚಾತ್ತಾಪ ಯಾವುದಕ್ಕೆ ಅಂತ ಕಾಸ್ಮಾಸ್ ಬರೆದಿದ್ದಾರೆ, ಅದನ್ನು ನೋಡಿ. ಚಿಕ್ಕಪ್ಪನ ಕಣ್ಣಿಗಾಗಿ ಅಲ್ಲ! ತನ್ನ ಒಡೆಯನೂ ಧರ್ಮಸಂಬಂಧಿಯೂ ಆದ ಚಕ್ರವರ್ತಿ ಆರ್ನುಲ್ಫ್ ಮೇಲೆ ಕತ್ತಿ ಎತ್ತಿದೆನಲ್ಲಾ ಅಂತ. ಆರ್ನುಲ್ಫ್‌ನ ಮಗನೊಬ್ಬನಿಗೆ ದೀಕ್ಷಾಸ್ನಾನದಲ್ಲಿ ಸ್ವಾಟೊಪ್ಲುಕ್ ಧರ್ಮಪಿತ ಆಗಿದ್ದ, ಮಗುವಿಗೆ ಇವನ ಹೆಸರನ್ನೇ ಇಟ್ಟಿದ್ದರು. ನಮ್ಮಲ್ಲಿ ಬೀಗತನಕ್ಕೆ ಎಷ್ಟು ತೂಕ ಇದೆಯೋ ಅಲ್ಲಿ ಆ ಸಂಬಂಧಕ್ಕೆ ಅಷ್ಟು ತೂಕ. ಆದರೂ ಯೋಚಿಸಿ. ಯುದ್ಧ ಮಾಡಿಕೊಂಡು ಬಂದದ್ದು 892ರಲ್ಲಿ ಆರ್ನುಲ್ಫ್. ಹಂಗೇರಿಯನ್ ಸವಾರರನ್ನು ಜೊತೆಗೆ ಕರೆತಂದ. ಸಾಲದು ಅಂತ ಬಲ್ಗೇರಿಯಾಕ್ಕೆ ದೂತರನ್ನು ಕಳಿಸಿ, ಮೊರಾವಿಯಾದವರಿಗೆ ಉಪ್ಪು ಮಾರಬೇಡಿ ಅಂತ ಕೇಳಿಕೊಂಡ. ಇಡೀ ನಾಡಿನ ಉಪ್ಪು ನಿಲ್ಲಿಸಲು ಹೊರಟವನ ಎದುರು ನಿಂತದ್ದಕ್ಕೆ ನಮ್ಮ ರಾಜ ಬೆಟ್ಟಕ್ಕೆ ಹೋಗಿ ಅಳಬೇಕಂತೆ. ಆ ಪಶ್ಚಾತ್ತಾಪ ಸ್ವಾಟೊಪ್ಲುಕ್‌ನದು ಅಂತ ನನಗೆ ಅನ್ನಿಸುವುದಿಲ್ಲ. ಅದು ಅವನಿಗೆ ಬೇರೆಯವರು ಹೊರಿಸಿದ್ದು.

ಅವನ ಸಾವಿನ ಹೊತ್ತಿಗೇ ಬರೆದ ಫುಲ್ಡಾ ದಾಖಲೆ ಪೂರ್ತಿ ಬೇರೆ ಮಾತು ಹೇಳುತ್ತದೆ. ಸಾಯುವಾಗ ತನ್ನವರಿಗೆ 'ಅಕ್ಕಪಕ್ಕದವರ ಜೊತೆ ರಾಜಿ ಬೇಡ, ಹಗೆ ಬಿಡಬೇಡಿ' ಅಂದನಂತೆ. ಒಬ್ಬರ ಬರಹದಲ್ಲಿ ಹಗೆ ಕಾರುತ್ತಾ ಸಾಯುತ್ತಾನೆ, ಇನ್ನೊಬ್ಬರ ಬರಹದಲ್ಲಿ ಮೌನಿಯಾಗಿ ಸಾಯುತ್ತಾನೆ. ರಾಸ್ತಿಸ್ಲಾವ್ ವಿಷಯದಲ್ಲಿ ಅವನಿಗೆ ಏನನ್ನಿಸಿತ್ತು ಅಂತ ಒಂದೇ ಒಂದು ಸಾಲು ಎಲ್ಲೂ ಇಲ್ಲ.

ಹಾಗಂತ ಅವನ ತಲೆಯ ಮೇಲೆ ಪಾಪವೇ ಇಲ್ಲ ಅಂತ ಅಲ್ಲ. ನನ್ನ ಲೆಕ್ಕದಲ್ಲಿ ಅವನ ದೊಡ್ಡ ತಪ್ಪು ಬೇರೆಯೇ ಇದೆ, ಅದರ ಬಗ್ಗೆ ಜನ ಮಾತಾಡುವುದು ಕಡಿಮೆ. 885ರ ಏಪ್ರಿಲ್ 6ರಂದು ಮೆಥೋಡಿಯಸ್ ತೀರಿಕೊಂಡರು. ಅದಕ್ಕೆ ಐದು ವರ್ಷ ಮೊದಲು ಪೋಪ್ ಎಂಟನೇ ಜಾನ್ ಸ್ವಾಟೊಪ್ಲುಕ್‌ಗೇ ಬರೆದ ಪತ್ರದಲ್ಲಿ ಸ್ಲಾವ್ ಭಾಷೆಯ ಪೂಜೆಗೆ ಒಪ್ಪಿಗೆ ಕೊಟ್ಟಿದ್ದರು. ಅದೇ ಪತ್ರದಲ್ಲಿ ರಾಜನ ಇಷ್ಟದಂತೆ ವಿಖಿಂಗ್ ಅನ್ನುವ ಜರ್ಮನ್ ಪಾದ್ರಿಯನ್ನು ನಿತ್ರಾಕ್ಕೆ ಬಿಷಪ್ ಮಾಡಿದರು. ಮೆಥೋಡಿಯಸ್ ಹೋದ ಮೇಲೆ ವಿಖಿಂಗ್ ಕಡೆಯವರಿಗೂ ಮೆಥೋಡಿಯಸ್ ಶಿಷ್ಯರಿಗೂ ದೊಡ್ಡ ವಾದ ಶುರುವಾಯಿತು. ಆ ಶಿಷ್ಯರಲ್ಲಿ ಒಬ್ಬರಾದ ಕ್ಲೆಮೆಂಟ್ ಅವರ ಜೀವನಚರಿತ್ರೆ ಹೇಳುವಂತೆ, ಸ್ವಾಟೊಪ್ಲುಕ್ ತನಗೆ ಓದುಬರಹದ ಈ ಸೂಕ್ಷ್ಮ ತಿಳಿಯದು ಅಂದ, ಯಾರು ಮೊದಲು ಮುಂದೆ ಬಂದು ತಮ್ಮ ನಂಬಿಕೆಯೇ ಸರಿ ಅಂತ ಆಣೆ ಮಾಡುತ್ತಾರೋ ಅವರದೇ ಗೆಲುವು ಅಂದ. ಫ್ರಾಂಕರು ಓಡಿ ಬಂದು ಆಣೆ ಮಾಡಿದರು. ಅಲ್ಲಿಗೆ ಮುಗಿಯಿತು. ಶಿಷ್ಯರನ್ನು ಜೈಲಿಗೆ ಹಾಕಿದರು, ಹೊಡೆದರು, ಚಳಿಯಲ್ಲಿ ಬಟ್ಟೆ ಬಿಚ್ಚಿಸಿ ಗಡಿ ದಾಟಿಸಿದರು. ಕೆಲವರನ್ನು ಗುಲಾಮರಾಗಿ ಮಾರಿದರು, ವೆನಿಸ್‌ನಲ್ಲಿ ಬೈಜಾಂಟಿಯಂ ಚಕ್ರವರ್ತಿಯ ಕಡೆಯವರೊಬ್ಬರು ದುಡ್ಡು ಕೊಟ್ಟು ಬಿಡಿಸಿದರು.

ಕ್ಲೆಮೆಂಟ್, ನೌಮ್ ಮೊದಲಾದವರು ಬಲ್ಗೇರಿಯಾಕ್ಕೆ ಹೋದರು. ಅಲ್ಲಿನ ದೊರೆ ಬೊರಿಸ್ ಕೈಹಿಡಿದು ಕರೆದುಕೊಂಡ. ಸ್ಲಾವ್ ಬರಹ ಉಳಿದದ್ದು, ಬೆಳೆದದ್ದು, ಮುಂದೆ ಸಿರಿಲಿಕ್ ಲಿಪಿ ಹುಟ್ಟಿದ್ದು ಅಲ್ಲಿ. ಚಿಕ್ಕಪ್ಪ ಹಟ ಹಿಡಿದು ತರಿಸಿದ್ದ ಸಂಪತ್ತನ್ನು ಅಣ್ಣನ ಮಗ ಮನೆಯಿಂದ ಹೊರಗೆ ಹಾಕಿದ. ನನ್ನ ಭಾಷೆಯಲ್ಲಿ ಓದಿ ಬರೆದು ಬದುಕಿದವನಾಗಿ ನನಗೆ ಇದು ಜಾಸ್ತಿ ನೋವು ಕೊಡುತ್ತದೆ. ನೀವು ಕನ್ನಡದ ಹಬ್ಬಕ್ಕೆ ಆಡಿಸುವ ನಾಟಕ ಇದು. ಈ ಭಾಗ ಬಿಡಬೇಡಿ.

ಇನ್ನು ಮೂರು ಕೋಲು. ಇದನ್ನು ಬರೆದಿಟ್ಟವನು ಬೈಜಾಂಟಿಯಂ ಚಕ್ರವರ್ತಿ ಏಳನೇ ಕಾನ್‌ಸ್ಟಂಟೈನ್, 950ರ ಸುಮಾರಿಗೆ, ತನ್ನ ಮಗ ರೊಮಾನೊಸ್‌ಗೆ ರಾಜನೀತಿ ಹೇಳಿಕೊಡಲು. ಅಪ್ಪ ಮಗನಿಗೆ ಹೇಳಿದ ಬುದ್ಧಿಮಾತು ಅದು. ಕಟ್ಟಿಗೆ ಕಟ್ಟಿನ ಕಥೆ ಅದಕ್ಕೂ ಸಾವಿರ ವರ್ಷ ಹಳೆಯದು. ಸ್ಕೈಥಿಯಾದ ರಾಜ ಸ್ಕಿಲುರಸ್ ತನ್ನ 80 ಗಂಡುಮಕ್ಕಳಿಗೆ ಈಟಿಯ ಕಟ್ಟು ಕೊಟ್ಟ ಅಂತ ಗ್ರೀಕರು ಹೇಳುತ್ತಿದ್ದರು, ಮಂಗೋಲರಲ್ಲಿ ಅಮ್ಮ ಐದು ಮಕ್ಕಳಿಗೆ ಬಾಣ ಕೊಡುತ್ತಾಳೆ, ಈಸೋಪನ ಹೆಸರಿನಲ್ಲಿ ನಮ್ಮ ಶಾಲೆಗಳಿಗೂ ಬಂತು. ನಿಮ್ಮ ಮಗ ಗುರುತು ಹಿಡಿದದ್ದು ಸರಿಯಾಗಿಯೇ ಇದೆ. ಸ್ವಾಟೊಪ್ಲುಕ್ ನಿಜವಾಗಿ ಕೋಲು ಕೊಟ್ಟ ಅಂತ ನಂಬಲು ಆಧಾರ ಇಲ್ಲ. ಆ ಕಾಲದ ದಾಖಲೆಗಳಲ್ಲಿ ಕಾಣುವುದು ಇಬ್ಬರು ಮಕ್ಕಳು, ಎರಡನೇ ಮೊಯ್ಮಿರ್ ಮತ್ತು ಎರಡನೇ ಸ್ವಾಟೊಪ್ಲುಕ್.

ಕೋಲಿನ ಕಥೆಯ ಕೊನೆಗೆ, ಮಕ್ಕಳು ಅಪ್ಪನ ಮಾತು ಮರೆತು ಜಗಳವಾಡಿ ರಾಜ್ಯ ಕಳೆದುಕೊಂಡರು ಅಂತ ಬರುತ್ತದೆ. ಆದರೆ ಅಣ್ಣತಮ್ಮ ಜಗಳದಿಂದಲೇ ರಾಜ್ಯ ಹೋಯಿತು ಅನ್ನುವುದು ಅರ್ಧ ಸತ್ಯ. ಸ್ವಾಟೊಪ್ಲುಕ್ ಬುಡಕಟ್ಟುಗಳನ್ನು ಸೇರಿಸಿದ ರೀತಿಯಲ್ಲೇ ಬಿರುಕು ಇತ್ತು. ಈಗಿನ ಪೋಲೆಂಡಿನ ವಿಸ್ಟುಲಾ ನದಿ ಕಡೆಯವರು, ಈಗಿನ ಜೆಕ್ ದೇಶದ ಪಶ್ಚಿಮ ಭಾಗವಾದ ಬೊಹೆಮಿಯಾದ ದೊರೆಗಳು, ಈಗಿನ ಜರ್ಮನಿಯ ಪೂರ್ವದಲ್ಲಿದ್ದ ಸೋರ್ಬರು ಅನ್ನುವ ಸ್ಲಾವರು, ಈಗಿನ ಹಂಗೇರಿಯ ಪಶ್ಚಿಮಕ್ಕಿದ್ದ ಪನೋನಿಯಾದ ಭಾಗಗಳು, ಎಲ್ಲ ಅವನ ಕೈಕೆಳಗೆ ಬಂದವು. ಆದರೆ ಹೇಗೆ ಬಂದವು? ಅಲ್ಲಿನ ದೊರೆ ಅಲ್ಲೇ ಇರುತ್ತಾನೆ, ಕಪ್ಪ ಕೊಡುತ್ತಾನೆ, ಯುದ್ಧಕ್ಕೆ ಜನ ಕಳಿಸುತ್ತಾನೆ, ದೀಕ್ಷೆ ತೆಗೆದುಕೊಳ್ಳುತ್ತಾನೆ. ನಮ್ಮ ಸಾಮಂತ ಅನ್ನುವ ಪದ ಇಲ್ಲಿ ಸರಿಯಾಗಿ ಹೊಂದುತ್ತದೆ. ಬೊಹೆಮಿಯಾದ ಬೊರ್ಜಿವೊಯ್ ಬಗ್ಗೆ ಒಂದು ಐತಿಹ್ಯ ಇದೆ. ಸ್ವಾಟೊಪ್ಲುಕ್‌ನ ಔತಣದಲ್ಲಿ ಅವನನ್ನು ಕ್ರೈಸ್ತನಲ್ಲ ಅಂತ ಮೇಜಿನಿಂದ ದೂರ ನೆಲದ ಮೇಲೆ ಕೂರಿಸಿದರಂತೆ. ಮೆಥೋಡಿಯಸ್ ಸಮಾಧಾನ ಮಾಡಿ ದೀಕ್ಷೆ ಕೊಟ್ಟರಂತೆ. ನಿಜವೋ ಅಲ್ಲವೋ, ಪಂಕ್ತಿಯಿಂದ ಎಬ್ಬಿಸಿದ ಅವಮಾನ ಏನು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಹೀಗೆ ಒಬ್ಬೊಬ್ಬ ದೊರೆಯನ್ನೂ ಬೇರೆ ಬೇರೆಯಾಗಿ ತನಗೆ ಕಟ್ಟಿಕೊಂಡಿದ್ದ. ಕೋಲು ಕೋಲಿಗೆ ಕಟ್ಟಿರಲಿಲ್ಲ, ಎಲ್ಲವೂ ಅವನ ಮುಷ್ಟಿಯಲ್ಲಿ ಇದ್ದವು. ಅವನು ಸತ್ತ ಮರುವರ್ಷವೇ, 895ರ ಜುಲೈನಲ್ಲಿ, ಬೊಹೆಮಿಯಾದ ದೊರೆಗಳು ಬವೇರಿಯಾದ ರೇಗೆನ್ಸ್‌ಬರ್ಗ್ ಪಟ್ಟಣಕ್ಕೆ ಹೋಗಿ ಆರ್ನುಲ್ಫ್‌ಗೆ ಶರಣಾದರು. ಸ್ವಾಟೊಪ್ಲುಕ್ ನಮ್ಮನ್ನು ಬಲವಂತದಿಂದ ಎಳೆದುಕೊಂಡಿದ್ದ ಅಂತ ಅವರ ದೂರು. ಅಣ್ಣತಮ್ಮಂದಿರ ಯುದ್ಧ ಶುರುವಾದದ್ದು ಅದಾದ ಮೂರು ವರ್ಷಕ್ಕೆ, 898ರಲ್ಲಿ. ಅದಕ್ಕೂ ಬವೇರಿಯಾದವರು ಗಾಳಿ ಹಾಕಿದರು. ಹಂಗೇರಿಯನ್ನರು ಅಷ್ಟರಲ್ಲಿ ಪಕ್ಕದಲ್ಲೇ ಬಂದು ನೆಲೆಸಿದ್ದರು. 907ರ ಹೊತ್ತಿಗೆ ರಾಜ್ಯ ಇಲ್ಲ.

ನಾಟಕಕ್ಕೆ ನಿಮ್ಮ ಮುಂದೆ ಯಾವ ದಾರಿ ಇವೆ? ಕೋಲಿನ ಕಥೆ ಮಾತ್ರ ತೋರಿಸಬಹುದು. ಸುಲಭ, ಮಕ್ಕಳಿಗೆ ಇಷ್ಟ. ಆದರೆ ನಿಮ್ಮ ಮಗ ಇನ್ನು ನಾಲ್ಕು ವರ್ಷಕ್ಕೆ ತಾನೇ ಓದಿ ಬಂದು 'ಅಮ್ಮ, ನಿನಗೆ ಮೊದಲೇ ಗೊತ್ತಿತ್ತಾ' ಅಂತ ಕೇಳುತ್ತಾನೆ. ದ್ರೋಹಿಯಾಗಿ ತೋರಿಸಿದರೆ ಫ್ರಾಂಕರ ಲೇಖನಿಗೆ ನೀವು ಕನ್ನಡದಲ್ಲಿ ಶಾಯಿ ತುಂಬಿದ ಹಾಗೆ. ಅಲ್ಲಿನ ಅತಿಥಿಗಳನ್ನು ಕರೆಯುವ ಯೋಚನೆ ಇದ್ದರೆ ಇನ್ನೂ ಎಚ್ಚರ. 2010ರಲ್ಲಿ ಆ ಪ್ರತಿಮೆ ನಿಲ್ಲಿಸಿದಾಗ ಅವನನ್ನು 'ಪ್ರಾಚೀನ ಸ್ಲೊವಾಕರ ರಾಜ' ಅನ್ನಬಹುದಾ ಅಂತಲೇ ದೊಡ್ಡ ಜಗಳ ಆಗಿತ್ತು. ನಾಟಕದಲ್ಲಿ ಮೊರಾವಿಯಾ ರಾಜ ಅನ್ನಿ, ಸಾಕು. ಬೆಟ್ಟದ ಸನ್ಯಾಸಿ ಕಥೆ ರಂಗದ ಮೇಲೆ ಚೆನ್ನಾಗಿ ಕಾಣುತ್ತದೆ. ಆದರೆ ಅಲ್ಲಿ ಪಶ್ಚಾತ್ತಾಪವನ್ನು ಚಿಕ್ಕಪ್ಪನ ಕಡೆ ತಿರುಗಿಸಿದರೆ ಅದು ನಿಮ್ಮ ಕಲ್ಪನೆ, ಹಾಗಂತ ಶುರುವಿನಲ್ಲೇ ಹೇಳಿಬಿಡಿ.

ನನ್ನನ್ನು ಕೇಳಿದರೆ 871ರಿಂದ ಶುರುಮಾಡಿ. ಚಿಕ್ಕಪ್ಪನನ್ನು ಹಿಡಿದುಕೊಟ್ಟ ಮರುವರ್ಷವೇ ಕಾರ್ಲ್‌ಮನ್‌ಗೆ ಇವನ ಮೇಲೂ ಅನುಮಾನ ಬಂತು, ಇವನನ್ನೂ ಜೈಲಿಗೆ ಹಾಕಿದರು. ಚಿಕ್ಕಪ್ಪ ಕುರುಡನಾಗಿ ಮಠದಲ್ಲಿ, ಇವನು ಸೆರೆಯಲ್ಲಿ. ಆ ದಿನಗಳಲ್ಲಿ ಅವನ ಮನಸ್ಸಿನಲ್ಲಿ ಏನಿತ್ತು ಅಂತ ಯಾರೂ ಬರೆದಿಲ್ಲ, ನಿಮ್ಮ ಕಲ್ಪನೆಗೆ ಜಾಗ ಇರುವುದು ಅಲ್ಲೇ. ಊರಲ್ಲಿ ಜನ ಇವನು ಸತ್ತ ಅಂದುಕೊಂಡು, ಅದೇ ಮನೆತನದ ಸ್ಲಾವೊಮಿರ್ ಅನ್ನುವ ಪಾದ್ರಿಯನ್ನು ಎಳೆದು ತಂದು ನಾಯಕನಾಗಿಸಿ ಫ್ರಾಂಕರ ಮೇಲೆ ದಂಗೆ ಎದ್ದರು. ಆರೋಪಕ್ಕೆ ಸಾಕ್ಷಿ ಸಿಗದೆ ಕಾರ್ಲ್‌ಮನ್ ಸ್ವಾಟೊಪ್ಲುಕ್‌ನನ್ನು ಬಿಟ್ಟ, ಉಡುಗೊರೆ ಕೊಟ್ಟ, ಬವೇರಿಯಾದ ಸೈನ್ಯ ಕೊಟ್ಟು 'ಹೋಗಿ ದಂಗೆ ಅಡಗಿಸು' ಅಂದ. ಸೈನ್ಯವನ್ನು ಹೊರಗೆ ಡೇರೆ ಹಾಕಿಸಿ, ಮಾತುಕತೆ ನೆಪದಲ್ಲಿ ಅವನು ಒಬ್ಬನೇ ಒಳಗೆ ಹೋದದ್ದು ಯಾವ ಊರಿಗೆ? ದಾಖಲೆ ಹೆಸರಿಟ್ಟು ಹೇಳುತ್ತದೆ, 'ರಾಸ್ತಿಸ್ಲಾವ್‌ನ ಹಳೆಯ ಪಟ್ಟಣ'. ಚಿಕ್ಕಪ್ಪನ ಊರು! ಅಲ್ಲಿ ಮಾತು ಏನಾಯಿತೋ, ಹೊರಗೆ ಬಂದವನು ತಾನು ತಂದ ಸೈನ್ಯದ ಮೇಲೇ ಬಿದ್ದ. ಸತ್ತವರು ಸತ್ತರು, ಉಳಿದವರು ಸೆರೆಯಾದರು. ಕಾರ್ಲ್‌ಮನ್ ತನ್ನ ಹತ್ತಿರ ಇದ್ದ ಒತ್ತೆಯಾಳುಗಳನ್ನೆಲ್ಲ ಒಟ್ಟುಮಾಡಿ ಕಳಿಸಿದರೆ, ಬದಲಿಗೆ ವಾಪಸ್ ಬಂದದ್ದು ಅರೆಜೀವದ ಒಬ್ಬ ಮನುಷ್ಯ.

ಇದು ಮತ್ತೊಂದು ದ್ರೋಹವಾ? ಚಿಕ್ಕಪ್ಪನ ಸಾಲ ತೀರಿಸಿದ್ದಾ? ಅಥವಾ ಗೆಲ್ಲುವ ಕಡೆ ನೋಡಿ ಜಿಗಿದದ್ದಾ? ಮಕ್ಕಳಿಗೇ ಕೇಳಿ. ಸುಮ್ನೆ ಉತ್ತರ ನೀವೇ ಕೊಟ್ಟುಬಿಡಬೇಡಿ.

ನಾಟಕ ಕಟ್ಟುವ ಮೊದಲು ಮಕ್ಕಳನ್ನು ಒಂದು ದಿನ ನಿತ್ರಾಕ್ಕೆ ಕರೆದುಕೊಂಡು ಹೋಗಿ ಜೋಬೊರ್ ಬೆಟ್ಟ ತೋರಿಸಿ. ನಿಮ್ಮ ಊರಿನಲ್ಲೇ ಇರುವ ದೆವೀನ್ ಕೋಟೆಗೂ ಹೋಗಿ, ಅಲ್ಲಿ ಮೊರಾವಾ ನದಿ ಡ್ಯಾನ್ಯೂಬ್ ಸೇರುತ್ತದೆ. ಪಟ್ಟಣ ಹೇಗೆ ತೋರಿಸುವುದು ಅಂತ ಯೋಚನೆ ಇದ್ದರೆ ಗಡಿಯ ಆಚೆ ಮಿಕುಲ್ಚಿತ್ಸೆಯಲ್ಲಿ 1954ರಿಂದ ಅಗೆದು ತೆಗೆದ ಜಾಗ ಇದೆ, ಮರ, ಮಣ್ಣು, ಕಲ್ಲಿನ ಕೋಟೆಗೋಡೆಯ ಗುರುತು, ಚರ್ಚುಗಳ ಅಡಿಪಾಯ ಎಲ್ಲ ಸಿಗುತ್ತದೆ. ಕುದುರೆ ಕೊಲ್ಲುವ ದೃಶ್ಯ ಸಣ್ಣ ಮಕ್ಕಳ ಮುಂದೆ ಬೇಡ, ಕತ್ತಿ ಹೂಳಿದರೆ ಸಾಕು.

ಮತ್ತೆ, ಮೂರು ಗಂಡುಮಕ್ಕಳ ಪಾತ್ರದ ಬದಲು ಎರಡೇ ಇಟ್ಟು, ಉಳಿದ ಹುಡುಗನಿಗೆ ಸ್ಲಾವೊಮಿರ್ ಪಾತ್ರ ಕೊಡಿ. ಸತ್ತ ಅಂದುಕೊಂಡಿದ್ದವನು ಶತ್ರು ಸೈನ್ಯದ ಜೊತೆ ಬಂದು ಬಾಗಿಲ ಮುಂದೆ ನಿಂತಾಗ, ಒಳಗೆ ಬಿಡಬೇಕಾ ಬೇಡವಾ ಅಂತ ಆ ಪಾದ್ರಿಯೂ ಯೋಚಿಸಿರಬೇಕು. ಆಮೇಲೆ ಅವನ ಹೆಸರು ದಾಖಲೆಗಳಲ್ಲಿ ಮತ್ತೆ ಬರುವುದಿಲ್ಲ.